ಪೆನ್ಸಿಲ್ ಅಂಟಿಕೊಳ್ಳುತ್ತದೆ, ಆದರೆ ಪೇರ್ ಆಗುತ್ತಿಲ್ಲ: ಐಪ್ಯಾಡ್ ಏರ್ ಎಂ2

ಅಕ್ಷರದ ಮನೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒದ್ದಾಡುತ್ತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನಾನು ಕನ್ನಡ ಅಕ್ಷರ ಬರೆಯುವ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಮನೆಯ ಹೆಸರಿನ ಫಲಕ, ಆಗಾಗ ಪುಸ್ತಕದ ಮುಖಪುಟ. ಇಷ್ಟು ವರ್ಷ ಕಾಗದ, ಬ್ರಷ್ಷು, ಆಮೇಲೆ ಸ್ಕ್ಯಾನರ್. ಹೋದ ತಿಂಗಳು ಧೈರ್ಯ ಮಾಡಿ 11 ಇಂಚಿನ ಐಪ್ಯಾಡ್ ಏರ್ ಎಂ2 ಹೊಸದೇ ತೆಗೆದುಕೊಂಡೆ. ಅದರ ಪರದೆಯ ಮೇಲೆ ಬರೆಯುವ ಆ್ಯಪಲ್ ಪೆನ್ಸಿಲ್ ಕೂಡ ಹೊಸದು ಕೊಳ್ಳಲು ದುಡ್ಡು ಸಾಲಲಿಲ್ಲ. ಊರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಬಿಳಿ ಪೆನ್ಸಿಲ್, ಒಂದು ಬದಿ ಚಪ್ಪಟೆ. ಒಂದು ಗೀರೂ ಇಲ್ಲ.

ಐಪ್ಯಾಡಿನ ಅಂಚಿಗೆ ತಂದರೆ ಟಕ್ ಅಂತ ಅಂಟಿಕೊಳ್ಳುತ್ತದೆ. ಆದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಪೇರ್, ಅಂದರೆ ಐಪ್ಯಾಡಿನ ಜೊತೆ ಜೋಡಣೆ, ಆಗುವುದೇ ಇಲ್ಲ. ಬ್ಲೂಟೂತ್ ಪಟ್ಟಿಯಲ್ಲಿ ನನ್ನ ಇಯರ್‌ಫೋನ್ ಕಾಣುತ್ತದೆ, ಪಕ್ಕದ ಮನೆಯವರ ಟಿವಿ ಕಾಣುತ್ತದೆ, ಈ ಪೆನ್ಸಿಲ್ ಮಾತ್ರ ಕಾಣುವುದಿಲ್ಲ. ಬರೆದರೆ ಗೆರೆಯೂ ಮೂಡುವುದಿಲ್ಲ.

ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದೆ. ಐಪ್ಯಾಡ್ ನಾಲ್ಕು ಸಲ ರೀಸ್ಟಾರ್ಟ್ ಮಾಡಿದೆ. ಯಾರೋ ಹೇಳಿದರು ಅಂತ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿದೆ. ಅದರಿಂದ ಮನೆಯ ವೈಫೈ ಪಾಸ್‌ವರ್ಡೂ ಅಳಿಸಿ ಹೋಯಿತು, ಕೆಲಸ ಮಾತ್ರ ಆಗಲಿಲ್ಲ. ಶುಕ್ರವಾರದೊಳಗೆ ಒಂದು ಗೃಹಪ್ರವೇಶದ ಕಾರ್ಡ್ ಕೊಡಬೇಕು. ಇನ್ನೇನು ಮಾಡಲಿ?

ಮಳೆಗಾಲ

ಚಾರ್ಜ್ ಪೂರ್ತಿ ಇಳಿದಿರಬಹುದು. ಅಂಚಿಗೆ ಅಂಟಿಸಿ ಅರ್ಧ ಗಂಟೆ ಸುಮ್ನೆ ಬಿಡಿ. ಐಪ್ಯಾಡಿನಲ್ಲೂ ಚಾರ್ಜ್ ಇರಲಿ.

ಅಕ್ಷರದ ಮನೆ, ಧಾರವಾಡ

ನಿನ್ನೆ ಇಡೀ ರಾತ್ರಿ ಅಂಟಿಸಿಯೇ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೂ ಅದೇ ಕಥೆ.

ಕಡಲತಡಿ

ತುದಿ ನೋಡಿದಿರಾ? ಪೆನ್ಸಿಲ್ಲಿನ ನಿಬ್ ತಿರುಪಿನ ಮೇಲೆ ಕೂತಿರುತ್ತದೆ. ಬರೆಯುತ್ತಾ ಬರೆಯುತ್ತಾ ಸಡಿಲವಾಗುತ್ತದೆ. ಬೆರಳಲ್ಲಿ ಬಲಕ್ಕೆ ತಿರುಗಿಸಿ ಗಟ್ಟಿ ಮಾಡಿ. ನಿಬ್ಬಿನ ಬುಡದಲ್ಲಿ ಕೂದಲೆಳೆಯಷ್ಟು ಸಂದಿ ಕಂಡರೂ ಗೆರೆ ಬಿಟ್ಟು ಬಿಟ್ಟು ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ದಪ್ಪ ಕವರ್ ಹಾಕಿದ್ದರೆ ಅದನ್ನೂ ತೆಗೆದು ನೋಡಿ.

ರಿಪೇರಿ ಮೇಜು, ತುಮಕೂರು

ಸ್ವಲ್ಪ ನಿಲ್ಲಿ. ಇನ್ನು ಯಾವ ರೀಸೆಟ್ಟೂ ಮಾಡಬೇಡಿ. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಪೇರ್ ಆಗುತ್ತಿಲ್ಲ ಎಂದು ನನ್ನ ಮೇಜಿಗೆ ಬರುವ ಪೆನ್ನುಗಳಲ್ಲಿ ನಿಜವಾಗಿ ಕೆಟ್ಟಿರುವುದು ಕಡಿಮೆ. ನಾನು ಮೊದಲು ಕೇಳುವುದು ಒಂದೇ. ಯಾವ ಪೆನ್ನು, ಯಾವ ಟ್ಯಾಬು? "ಐಪ್ಯಾಡ್ ಪೆನ್ಸಿಲ್" ಅಂದರೆ ಸಾಲದು. ಅದರಲ್ಲಿ ನಾಲ್ಕು ತರಹ ಇದೆ.

ಡಬ್ಬ ಕೊಟ್ಟಿದ್ದಾರಾ? ಅದರ ಮೇಲೆ ಮಾಡೆಲ್ ನಂಬರ್ ಇರುತ್ತದೆ, ಹೇಳಿ. ಪೆನ್ಸಿಲ್ಲಿನ ಮೈಮೇಲೆ ತಿಳಿ ಬೂದು ಬಣ್ಣದಲ್ಲಿ ಹೆಸರು ಇರುತ್ತದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಅಲ್ಲಿ "ಪ್ರೊ" ಎಂದಿದೆಯಾ, ಇಲ್ಲವಾ?

ಅಕ್ಷರದ ಮನೆ, ಧಾರವಾಡ

ಡಬ್ಬ ಇದೆ. ಎ2051 ಎಂದಿದೆ. ಪೆನ್ಸಿಲ್ ಮೇಲೆ "ಪ್ರೊ" ಇಲ್ಲ. ನಿಬ್ ಗಟ್ಟಿಯಾಗಿಯೇ ಇದೆ.

ರಿಪೇರಿ ಮೇಜು, ತುಮಕೂರು

ಹಾಗಾದರೆ ಉತ್ತರ ಸಿಕ್ಕಿತು. ನಿಮಗೆ ಬೇಜಾರಾಗುತ್ತದೆ, ಆದರೂ ಹೇಳಲೇಬೇಕು. ಎ2051 ಅಂದರೆ ಎರಡನೇ ತಲೆಮಾರಿನ ಪೆನ್ಸಿಲ್, 2018ರದ್ದು. ಐಪ್ಯಾಡ್ ಏರ್ ಎಂ2 ಬಂದಿದ್ದು 2024ರಲ್ಲಿ. ಅದು ಈ ಪೆನ್ಸಿಲ್ಲನ್ನು ಒಪ್ಪುವುದೇ ಇಲ್ಲ. ಪೆನ್ಸಿಲ್ ಕೆಟ್ಟಿದೆ ಎಂದು ಹೇಳಲು ಕಾರಣವೇ ಇಲ್ಲ. ಐಪ್ಯಾಡೂ ಸರಿ ಇದೆ. ಇವೆರಡಕ್ಕೂ ಜೋಡಿ ಆಗುವುದಿಲ್ಲ, ಅಷ್ಟೆ.

ಮುಂದೆ ಓದುವವರಿಗೂ ಉಪಯೋಗ ಆಗಲಿ ಎಂದು ಬಿಡಿಸಿ ಹೇಳುತ್ತೇನೆ. ಮೊದಲನೇ ಪೆನ್ಸಿಲ್ 2015ರದ್ದು. ಪೂರ್ತಿ ಗುಂಡಗೆ, ಹಿಂದಿನ ಟೊಪ್ಪಿ ತೆಗೆದರೆ ಲೈಟ್ನಿಂಗ್ ಪಿನ್. ಅದನ್ನು ಐಪ್ಯಾಡಿಗೆ ಚುಚ್ಚಿದರೆ ಪೇರ್ ಮಾಡಲೇ ಎಂದು ಕೇಳುತ್ತದೆ. 10ನೇ ತಲೆಮಾರಿನ ಐಪ್ಯಾಡಿಗೆ ಯುಎಸ್‌ಬಿ-ಸಿ ಬಂತು, ಪೆನ್ಸಿಲ್ ಅದೇ ಉಳಿಯಿತು. ಆದ್ದರಿಂದ ಅದಕ್ಕೆ ನಡುವೆ ಒಂದು ಚಿಕ್ಕ ಅಡಾಪ್ಟರ್ ಬೇಕು, ಒಂದು ಕೇಬಲ್ಲೂ ಬೇಕು. ಎರಡನೇ ಪೆನ್ಸಿಲ್ ನಿಮ್ಮದು, ಅಂಚಿಗೆ ಅಂಟಿದರೆ ಪೇರ್, ಅಲ್ಲೇ ಚಾರ್ಜು. ಅದು ಏರ್‌ನಲ್ಲಿ 4 ಮತ್ತು 5ನೇ ತಲೆಮಾರಿಗೆ, ಮಿನಿಯಲ್ಲಿ 6ನೆಯದಕ್ಕೆ, ಐಪ್ಯಾಡ್ ಪ್ರೊಗಳಲ್ಲಿ 2018ರಿಂದ ಎಂ4ಗಿಂತ ಹಿಂದಿನವಕ್ಕೆ. ಮೂರನೆಯದು 2023ರ ಯುಎಸ್‌ಬಿ-ಸಿ ಪೆನ್ಸಿಲ್. ಇದು ಅಂಟುತ್ತದೆ, ಆದರೆ ಅಂಟಿದ್ದರಿಂದ ಪೇರೂ ಆಗುವುದಿಲ್ಲ, ಚಾರ್ಜೂ ಆಗುವುದಿಲ್ಲ. ಹಿಂಭಾಗ ಜಾರಿಸಿದರೆ ಕಿಂಡಿ ಕಾಣುತ್ತದೆ, ಅಲ್ಲಿಂದ ಐಪ್ಯಾಡಿಗೆ ಕೇಬಲ್ ಹಾಕಬೇಕು. ಇದನ್ನು ತಿಳಿಯದೆ ಹೊಸ ಪೆನ್ಸಿಲ್ ಕೆಟ್ಟಿದೆ ಎಂದು ತಂದವರೇ ಜಾಸ್ತಿ. ನಾಲ್ಕನೆಯದು 2024ರ ಪೆನ್ಸಿಲ್ ಪ್ರೊ.

ನಿಮ್ಮ ಏರ್ ಎಂ2ಗೆ ಆಗುವುದು ಕೊನೆಯ ಎರಡು ಮಾತ್ರ.

ಅಕ್ಷರದ ಮನೆ, ಧಾರವಾಡ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೊಟ್ಟವರು "ಏರ್‌ಗೆ ಸೆಟ್ ಆಗುತ್ತೆ, ನಾನು ಏರ್‌ನಲ್ಲೇ ಬಳಸುತ್ತಿದ್ದೆ" ಎಂದಿದ್ದರು. ಅವರು ಸುಳ್ಳು ಹೇಳಿಲ್ಲ, ಅವರದು ಏರ್ 5 ಇದ್ದಿರಬೇಕು. ಆದರೆ ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದಲ್ಲ, ಅದಕ್ಕೇ ನಾನು ನಂಬಿದ್ದು. ಅಂಟುವುದು ಹೌದಾದರೆ ಪೇರ್ ಆಗಲು ಏನು ಅಡ್ಡಿ? ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಸರಿಹೋಗುವ ಸಾಧ್ಯತೆ ಇಲ್ಲವಾ?

ಭೌತಶಾಸ್ತ್ರ ಮೇಷ್ಟ್ರು

ಒಳ್ಳೆಯ ಪ್ರಶ್ನೆ, ಎಲ್ಲರೂ ಎಡವುವ ಜಾಗ ಇದೇ. ಅಂಟಿಸುವ ಕೆಲಸ ಮಾಡುವುದು ಬರೀ ಅಯಸ್ಕಾಂತ. ಫ್ರಿಜ್ಜಿನ ಬಾಗಿಲಿಗೂ ನಿಮ್ಮ ಪೆನ್ಸಿಲ್ ಅಂಟುತ್ತದೆ, ಬೇಕಾದರೆ ನೋಡಿ. ಮಾತುಕತೆ ಬೇರೆ ಕಡೆ ನಡೆಯುತ್ತದೆ. ಐಪ್ಯಾಡಿನ ಅಂಚಿನೊಳಗೆ ಒಂದು ಸುರುಳಿ, ಪೆನ್ಸಿಲ್ಲಿನ ಚಪ್ಪಟೆ ಬದಿಯೊಳಗೆ ಇನ್ನೊಂದು. ಚಾರ್ಜು ದಾಟುವುದು ಅಲ್ಲಿಂದ, ನೀನು ಯಾರು ಎಂದು ಗುರುತು ಕೇಳುವುದೂ ಅಲ್ಲಿಂದಲೇ. ಎಂ2 ಏರ್‌ನಲ್ಲಿ ಮುಂದಿನ ಕ್ಯಾಮರಾ ಉದ್ದದ ಅಂಚಿಗೆ ಬಂತು, ಅಂದರೆ ಪೆನ್ಸಿಲ್ ಕೂರುವ ಅಂಚಿಗೇ. ಒಳಗಿನ ಜೋಡಣೆ ಬದಲಾಯಿತು. ಸುರುಳಿಗಳೇ ಹೊಂದದಿದ್ದರೆ ಅಪ್‌ಡೇಟ್ ಏನು ಮಾಡೀತು?

ಬ್ಲೂಟೂತ್ ಪಟ್ಟಿ ನೋಡುತ್ತಾ ಕೂತಿದ್ದೆ ಎಂದಿರಿ. ಅಲ್ಲಿ ಕಾಯುವುದು ವ್ಯರ್ಥ. ಇಯರ್‌ಫೋನ್ ತಾನಿದ್ದೇನೆ ಎಂದು ಸುತ್ತಲೂ ಕೂಗುತ್ತದೆ, ಅದಕ್ಕೇ ಪಟ್ಟಿಯಲ್ಲಿ ಕಾಣುತ್ತದೆ. ಈ ಪೆನ್ಸಿಲ್ ಹಾಗಲ್ಲ. ಅಂಚಿನಲ್ಲಿ ಕೂತು ಗುರುತು ಹೇಳಿದ ಮೇಲೆಯೇ ಬ್ಲೂಟೂತ್ ಶುರು. ಪೇರ್ ಆದ ನಂತರ ಪಟ್ಟಿಯಲ್ಲಿ ಹೆಸರು ಬರುತ್ತದೆ.

ಇನ್ನೊಂದು ವಿಷಯ, ಬರೆಯುವವರಿಗೆ ಇಷ್ಟವಾಗುತ್ತದೆ ಎಂದು ಹೇಳುತ್ತಿದ್ದೇನೆ. ತುದಿ ಎಲ್ಲಿದೆ ಎಂಬುದನ್ನು ಪರದೆಯೇ ಪತ್ತೆ ಮಾಡುತ್ತದೆ. 2015ರಲ್ಲಿ ಮೊದಲ ಪೆನ್ಸಿಲ್ ಬಂದಾಗಲೇ ಆ್ಯಪಲ್ ಹೇಳಿದ ಲೆಕ್ಕ, ಸೆಕೆಂಡಿಗೆ 240 ಸಲ. ಎಷ್ಟು ಒತ್ತುತ್ತಿದ್ದೀರಿ ಎಂಬ ಸುದ್ದಿ ಮಾತ್ರ ಬ್ಲೂಟೂತ್‌ನಲ್ಲಿ ಹೋಗುತ್ತದೆ. ಅದಕ್ಕೇ ಬ್ಲೂಟೂತ್ ಆಫ್ ಇರಬಾರದು.

ಬಯಲುಸೀಮೆ

ಇದನ್ನು ಓದಿ ನನ್ನದೂ ಹೇಳಬೇಕು ಅನಿಸಿತು. ನನ್ನದು ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್. ಎಸ್ ಪೆನ್ ಪೇರ್ ಮಾಡಬೇಕು ಎಂದು ಎರಡು ದಿನ ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಯಾವ ವಿಡಿಯೊ ನೋಡಿದರೂ "ಪೆನ್ನನ್ನು ಟ್ಯಾಬಿನ ಹಿಂದೆ ಇಟ್ಟು ಕನೆಕ್ಟ್ ಮಾಡಿ" ಎನ್ನುತ್ತಾರೆ. ನನ್ನ ಟ್ಯಾಬಿನಲ್ಲಿ ಆ ಆಯ್ಕೆಯೇ ಇಲ್ಲ. ಕೊನೆಗೆ ಗೊತ್ತಾಯಿತು, ಆ ಪೆನ್ನಿನಲ್ಲಿ ಬ್ಲೂಟೂತ್ತೇ ಇಲ್ಲ! ಬ್ಯಾಟರಿಯೂ ಇಲ್ಲ. ಪೇರ್ ಮಾಡಲು ಏನೂ ಇಲ್ಲ. ತೆಗೆದು ಬರೆಯುವುದು, ಅಷ್ಟೇ.

ಭೌತಶಾಸ್ತ್ರ ಮೇಷ್ಟ್ರು

ಹೌದು, ಅದು ವ್ಯಾಕಾಮ್ ಎಂಬ ಜಪಾನಿ ಕಂಪನಿಯ ತಂತ್ರ. ಗಾಜಿನ ಕೆಳಗೆ ಇನ್ನೊಂದು ಹಲಗೆ ಇರುತ್ತದೆ, ಅದು ಕಾಂತಕ್ಷೇತ್ರ ಹೊಮ್ಮಿಸುತ್ತದೆ. ಪೆನ್ನಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ತಿರುಗಿ ಉತ್ತರ ಕೊಡುತ್ತದೆ. ಒಂದು ತಂಬೂರಿ ಮೀಟಿದರೆ ಅದೇ ಶ್ರುತಿಯ ಇನ್ನೊಂದರ ತಂತಿ ತಾನೇ ಮಿಡಿಯುತ್ತದಲ್ಲ, ಹಾಗೆ. 2018ರ ನೋಟ್ 9 ಫೋನಿನಿಂದ ಕೆಲವು ಎಸ್ ಪೆನ್ನುಗಳಿಗೆ ಬ್ಲೂಟೂತ್ ಸೇರಿತು. ಅದು ದೂರದಿಂದ ಫೋಟೊ ತೆಗೆಯಲು, ಸ್ಲೈಡ್ ಬದಲಿಸಲು. ಅದರ ಚಾರ್ಜ್ ಮುಗಿದರೂ ಬರವಣಿಗೆ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ಪೆನ್ನಿನ ತುದಿಯನ್ನು ಪರದೆಗೆ ತಾಗಿಸದೆ ಅರ್ಧ ಸೆಂಟಿಮೀಟರ್ ಮೇಲೆ ಹಿಡಿಯಿರಿ. ಕೆಳಗೆ ಒಂದು ಚುಕ್ಕಿ ಮೂಡಿ ಪೆನ್ನಿನ ಜೊತೆ ಓಡಾಡಿದರೆ ಎಲ್ಲ ಸರಿ ಇದೆ. ಚುಕ್ಕಿ ಒಂದು ಕಡೆ, ಗೆರೆ ಒಂದು ಕಡೆ ಬಂದರೆ ಕವರಿನಲ್ಲಿರುವ ಅಯಸ್ಕಾಂತದ ಮೇಲೆ ಅನುಮಾನ ಪಡಿ.

ಪಿಯುಸಿ ಎರಡನೇ ವರ್ಷ

ಸರ್, ನನ್ನದು ಟ್ಯಾಬ್ ಎ9 ಪ್ಲಸ್. ಅಣ್ಣನ ಹಳೆಯ ಎಸ್ ಪೆನ್ ಇದೆ, ಕೆಲಸ ಮಾಡುತ್ತಿಲ್ಲ. ಬಯಾಲಜಿ ಚಿತ್ರ ಬರೆಯಬೇಕು.

ಭೌತಶಾಸ್ತ್ರ ಮೇಷ್ಟ್ರು

ಎ9 ಪ್ಲಸ್‌ನಲ್ಲಿ ಗಾಜಿನ ಕೆಳಗೆ ಆ ಹಲಗೆ ಇಲ್ಲಪ್ಪ. ಎಸ್ ಪೆನ್ ಅದರಲ್ಲಿ ಯಾವತ್ತೂ ಬರೆಯುವುದಿಲ್ಲ. ಮೊಬೈಲ್ ಅಂಗಡಿಯಲ್ಲಿ ಸಿಗುವ, ಬೆರಳಿನ ಹಾಗೆ ಕೆಲಸ ಮಾಡುವ ಸಾದಾ ಪೆನ್ನು ಸಾಕು. ತುದಿಗೆ ಪಾರದರ್ಶಕ ಬಿಲ್ಲೆ ಇರುವುದನ್ನು ತೆಗೆದುಕೋ, ಗೆರೆ ಎಲ್ಲಿ ಬೀಳುತ್ತದೆ ಎಂದು ಕಾಣುತ್ತದೆ. ಒತ್ತಿದಷ್ಟು ದಪ್ಪ ಆಗುವುದಿಲ್ಲ. ಅಂಗೈ ತಾಗಿದರೂ ಗೆರೆ ಬೀಳುತ್ತದೆ, ಕೈ ಎತ್ತಿ ಬರೆಯಬೇಕು. ಹೃದಯದ ಚಿತ್ರಕ್ಕೆ ಅಷ್ಟು ಸಾಲುತ್ತದೆ.

ಕಡಲತಡಿ

ಬೇರೆ ಕಂಪನಿಗಳ ಐಪ್ಯಾಡ್ ಪೆನ್ನು ತೆಗೆದುಕೊಂಡವರಿಗೂ ಒಂದು ಮಾತು. ಅವುಗಳಲ್ಲಿ ಬಹಳಷ್ಟಕ್ಕೆ ಬ್ಲೂಟೂತ್ ಬೇಕೇ ಇಲ್ಲ. ಲಾಜಿಟೆಕ್ ಕ್ರೇಯಾನ್ ಕೂಡ ಹಾಗೆಯೇ, ಗುಂಡಿ ಒತ್ತಿದರೆ ಬರೆಯುತ್ತದೆ. ಮೇಲ್ತುದಿಯನ್ನು ಎರಡು ಸಲ ತಟ್ಟಿದರೆ ದೀಪ ಹತ್ತುವ ಪೆನ್ನುಗಳೂ ಇವೆ. ದೀಪ ಹತ್ತಿಯೂ ಗೆರೆ ಬರದಿದ್ದರೆ ಎರಡು ವಿಷಯ ನೋಡಿ. ಐಪ್ಯಾಡ್ 2018 ಅಥವಾ ಆಮೇಲಿನದಾ? ಆ್ಯಪಲ್ ಪೆನ್ಸಿಲ್ ಮೊದಲೇ ಪೇರ್ ಆಗಿ ಕೂತಿದೆಯಾ? ಕೂತಿದ್ದರೆ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕದ ಐ ಗುರುತು ಒತ್ತಿ, ಮರೆತುಬಿಡು ಎಂದು ಕೊಡಿ.

ಭಾನುವಾರದ ಕನ್ನಡ ಶಾಲೆ

ನಾನು ಅಮೆರಿಕದಲ್ಲಿದ್ದೇನೆ. ಭಾನುವಾರ ಇಲ್ಲಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತೇನೆ. ಒತ್ತಕ್ಷರ ಕಲಿಸುವಾಗ ಪೆನ್ಸಿಲ್ ಬೇಕೇ ಬೇಕು, ಎಲ್ಲಿಂದ ಶುರು ಮಾಡಿ ಎಲ್ಲಿ ಬಾಗಿಸಬೇಕು ಎಂದು ಮಕ್ಕಳು ಕಣ್ಣಾರೆ ನೋಡಬೇಕು.

ನಮ್ಮದು ಸರಿಯಾದ ಜೋಡಿಯೇ. ಆದರೂ ಪಾಠ ಶುರುವಾಗುವ ಹೊತ್ತಿಗೆ ಸರಿಯಾಗಿ ಪೆನ್ಸಿಲ್ ಸತ್ತ ಹಾಗೆ ಕೂರುತ್ತಿತ್ತು. ಕೆಲವು ವಾರ ಹೀಗೇ ಆಯಿತು. ಒಂದು ಶನಿವಾರ ರಾತ್ರಿ ನೋಡಿದರೆ ಮಗ ನನ್ನ ಪೆನ್ಸಿಲ್ ತೆಗೆದುಕೊಂಡು ತನ್ನ ಐಪ್ಯಾಡಿಗೆ ಅಂಟಿಸಿ ಚಿತ್ರ ಬರೆಯುತ್ತಿದ್ದ. ಒಂದು ಪೆನ್ಸಿಲ್ ಒಂದು ಹೊತ್ತಿಗೆ ಒಂದೇ ಐಪ್ಯಾಡಿನ ಜೊತೆ ಇರುತ್ತದೆ. ಕೊನೆಗೆ ಎಲ್ಲಿ ಅಂಟಿತೋ ಅದರದ್ದು. ಈಗ ಪಾಠಕ್ಕೆ ಮೊದಲು ಒಂದು ಸಲ ನನ್ನದಕ್ಕೆ ಅಂಟಿಸಿ, ಪರದೆಯಲ್ಲಿ ಅದರ ಚಿತ್ರ ಬಂತಾ ಎಂದು ನೋಡಿ ಶುರು ಮಾಡುತ್ತೇನೆ. ಮನೆಯಲ್ಲಿ ಎರಡು ಐಪ್ಯಾಡ್ ಇರುವವರು ಮೊದಲು ಇದನ್ನು ವಿಚಾರಿಸಿ.

ಅಕ್ಷರದ ಮನೆ, ಧಾರವಾಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ರಿಜ್ಜಿಗೆ ಹಿಡಿದು ನೋಡಿದೆ ಮೇಷ್ಟ್ರೇ, ನಿಜವಾಗಿ ಅಂಟಿತು. ಇನ್ನು ಅನುಮಾನ ಉಳಿದಿಲ್ಲ.

ಈಗ ಯುಎಸ್‌ಬಿ-ಸಿ ಪೆನ್ಸಿಲ್ ತೆಗೆದುಕೊಳ್ಳಲಾ, ಪ್ರೊ ತೆಗೆದುಕೊಳ್ಳಲಾ? ಇಲ್ಲಿ ಬಿಡುಗಡೆಯಾದಾಗ ಒಂದಕ್ಕೆ 7,900 ರೂಪಾಯಿ, ಇನ್ನೊಂದಕ್ಕೆ 11,900. ನಾಲ್ಕು ಸಾವಿರ ನನಗೆ ಸಣ್ಣ ದುಡ್ಡಲ್ಲ.

ಬಿದಿರ ಲೇಖನಿ, ಶಿರಸಿ

ಅಕ್ಷರದ ಕೆಲಸ ಎಂದಿರಿ, ಅದಕ್ಕೆ ನಾನು ಉತ್ತರಿಸಬೇಕು. ನೋಟ್ಸ್ ಬರೆಯುವವರಿಗೆ, ಪಿಡಿಎಫ್ ಮೇಲೆ ಗುರುತು ಹಾಕುವವರಿಗೆ ಯುಎಸ್‌ಬಿ-ಸಿ ಧಾರಾಳ ಸಾಕು. ಓರೆ ಹಿಡಿದರೆ ಅದಕ್ಕೂ ತಿಳಿಯುತ್ತದೆ. ಆದರೆ ಎಷ್ಟು ಒತ್ತುತ್ತೀರಿ ಎಂಬುದು ಅದಕ್ಕೆ ತಿಳಿಯುವುದಿಲ್ಲ. ನಿಮ್ಮ ಕೆಲಸಕ್ಕೆ ಇದು ದೊಡ್ಡ ಕೊರತೆ.

ಕಾರ್ಡಿನ ತಲೆಯ ಮೇಲೆ ಬರೆಯುವ "ಶ್ರೀ" ತೆಗೆದುಕೊಳ್ಳಿ. ಮೈಯ ಸುತ್ತು ತುಂಬಿಕೊಂಡು ಬರಬೇಕು, ಗುಡಿಸಿನ ಹತ್ತಿರ ಕೈ ಹಗುರಾಗಬೇಕು. ಆಮೇಲೆ ಕ್ರಾವಡಿ. ಅದು ಕೆಳಗೆ ಇಳಿದು ತಿರುಗುವಲ್ಲಿ ದಪ್ಪ, ಬಲಕ್ಕೆ ಎಳೆದು ಬಿಡುವಾಗ ತೆಳ್ಳಗಾಗುತ್ತಾ ಕೂದಲಾಗಿ ಮುಗಿಯಬೇಕು. ಒತ್ತಡ ತಿಳಿಯದ ಪೆನ್ನಿನಲ್ಲಿ ಆ ಬಾಲ ಕತ್ತರಿಸಿದ ದಾರದ ಹಾಗೆ ನಿಲ್ಲುತ್ತದೆ. ಆ್ಯಪ್‌ನಲ್ಲಿ ವೇಗಕ್ಕೆ ತಕ್ಕಂತೆ ತೆಳುವಾಗುವ ಬ್ರಷ್ ಹಾಕಿಕೊಳ್ಳಬಹುದು, ನಾನೂ ಮಾಡಿ ನೋಡಿದ್ದೇನೆ. ಆದರೆ ಆಗ ಕೈ ಹೇಳಿದ್ದು ಬರುವುದಿಲ್ಲ, ಬ್ರಷ್ ಹೇಳಿದ್ದು ಬರುತ್ತದೆ.

ಪ್ರೊ ಬಗ್ಗೆ ಇನ್ನೊಂದು. ಬೆರಳುಗಳ ನಡುವೆ ಪೆನ್ಸಿಲ್ಲನ್ನು ಉರುಳಿಸಿದರೆ ಅದಕ್ಕೆ ಗೊತ್ತಾಗುತ್ತದೆ, ಬ್ಯಾರೆಲ್ ರೋಲ್ ಎನ್ನುತ್ತಾರೆ. ಬಿದಿರಿನ ಲೇಖನಿಯನ್ನು ಓರೆಯಾಗಿ ಕತ್ತರಿಸಿ ಬರೆದವರಿಗೆ ಇದರ ಬೆಲೆ ತಿಳಿಯುತ್ತದೆ. ಚಪ್ಪಟೆ ತುದಿಯ ಬ್ರಷ್ ಆರಿಸಿ ಪೆನ್ಸಿಲ್ ಉರುಳಿಸಿದರೆ ತುದಿಯೂ ತಿರುಗುತ್ತದೆ. ಇದಕ್ಕೆ ನಿಮ್ಮ ಆ್ಯಪ್ ಒಪ್ಪಬೇಕು, ಪ್ರೊಕ್ರಿಯೇಟ್ ಒಪ್ಪುತ್ತದೆ. ದುಡ್ಡು ಹೊಂದಿಸಲು ಒಂದು ತಿಂಗಳು ಬೇಕಾದರೂ ಕಾಯಿರಿ, ಪ್ರೊ ತೆಗೆದುಕೊಳ್ಳಿ. ಶುಕ್ರವಾರದ ಕಾರ್ಡನ್ನು ಕಾಗದದ ಮೇಲೆ ಬರೆದು ಕೊಡಿ. ಆ ಕೈ ನಿಮಗೆ ಇದ್ದೇ ಇದೆ.

ರಿಪೇರಿ ಮೇಜು, ತುಮಕೂರು

ಈಗಿನ ಪೆನ್ಸಿಲ್ಲನ್ನು ಎಸೆಯಬೇಡಿ, ಏರ್ 4, ಏರ್ 5 ಇರುವವರು ಬೇಕಾದಷ್ಟಿದ್ದಾರೆ. ಮಾರುವ ಮೊದಲು ಅಂಥ ಒಂದು ಐಪ್ಯಾಡಿಗೆ ಅಂಟಿಸಿ, ಬ್ಯಾಟರಿ ಏರುತ್ತದಾ ನೋಡಿ. ಇವುಗಳ ಬ್ಯಾಟರಿ ತೀರಾ ಚಿಕ್ಕದು. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಡ್ರಾಯರಿನಲ್ಲಿ ಬಿದ್ದಿದ್ದರೆ ಪೂರ್ತಿ ಬತ್ತಿ, ಮತ್ತೆ ಏಳದೆ ಹೋಗಬಹುದು. ಅಂಥದ್ದನ್ನು ಬಿಚ್ಚಿ ಬ್ಯಾಟರಿ ಹಾಕಿಕೊಡಿ ಎಂದು ಕೇಳುತ್ತಾರೆ. ಒಳಗೆಲ್ಲ ಅಂಟು, ಬಿಚ್ಚಿದರೆ ಮುರಿಯುತ್ತದೆ. ನಾನು ಮುಟ್ಟುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಅಷ್ಟೇ. ನಿಮ್ಮ ಐಪ್ಯಾಡನ್ನು ಜೊತೆಗೆ ತೆಗೆದುಕೊಂಡು ಹೋಗಿ. ನಿಮ್ಮ ಕಣ್ಣೆದುರಿಗೇ ಪೇರ್ ಆಗಲಿ, ನಾಲ್ಕು ಅಕ್ಷರ ಬರೆಯಿರಿ, ಆಮೇಲೆ ದುಡ್ಡು ಕೊಡಿ.

ಅಕ್ಷರದ ಮನೆ, ಧಾರವಾಡ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಗೃಹಪ್ರವೇಶದ ಕಾರ್ಡ್ ಕಾಗದದ ಮೇಲೆಯೇ ಮಾಡಿ ಕೊಟ್ಟೆ, ಅವರಿಗೆ ಇಷ್ಟವಾಯಿತು.

ನನ್ನ ತಂಗಿಯ ಗೆಳತಿ ಹತ್ತಿರ ಏರ್ 5 ಇದೆ ಎಂದು ಗೊತ್ತಾಯಿತು. ಪೆನ್ಸಿಲ್ ತೆಗೆದುಕೊಂಡು ಹೋದೆ. ಅಂಚಿಗೆ ತಂದೆ, ಅದೇ ಟಕ್. ಆದರೆ ಈ ಸಲ ಪರದೆಯ ಅಂಚಿನಲ್ಲಿ ಪೆನ್ಸಿಲ್ಲಿನ ಪುಟ್ಟ ಚಿತ್ರ ತಾನೇ ಮೂಡಿತು! ಮೊದಲು ಚಾರ್ಜ್ ತೀರಾ ಕಡಿಮೆ ತೋರಿಸಿತು, ಚಹಾ ಕುಡಿಯುವಷ್ಟರಲ್ಲಿ ಏರಿತ್ತು. ಅಷ್ಟು ದಿನ ಸತ್ತಿದೆ ಎಂದುಕೊಂಡಿದ್ದ ಪೆನ್ಸಿಲ್. ನಾನು ಕೊಟ್ಟ ಬೆಲೆಗೇ ಅವಳಿಗೆ ಕೊಟ್ಟೆ. ಪ್ರೊಗೆ ಇನ್ನೂ ಸ್ವಲ್ಪ ದುಡ್ಡು ಸೇರಬೇಕು, ದೀಪಾವಳಿಯೊಳಗೆ ತೆಗೆದುಕೊಳ್ಳುತ್ತೇನೆ. ಬಿದಿರ ಲೇಖನಿಯವರೇ, ಬಂದ ದಿನ ಮೊದಲ "ಶ್ರೀ" ನಿಮಗೇ ಕಳಿಸುತ್ತೇನೆ. ಕ್ರಾವಡಿಯ ಬಾಲ ಸರಿ ಬಂತಾ ಎಂದು ಹೇಳಬೇಕು.

ಹೊಸಬ, ಬಳ್ಳಾರಿ

ಇದನ್ನೆಲ್ಲ ಓದಿ ನಾಳೆ ಒಂದು ಪೆನ್ಸಿಲ್ ನೋಡಲು ಹೋಗುತ್ತಿದ್ದೇನೆ. ಎ2051. ನನ್ನದು ಐಪ್ಯಾಡ್ ಮಿನಿ. ಆಗುತ್ತದಾ?

ರಿಪೇರಿ ಮೇಜು, ತುಮಕೂರು

ಯಾವ ಮಿನಿ? 6ನೇ ತಲೆಮಾರು ಆದರೆ ಆಗುತ್ತದೆ. 2024ರ ಎ17 ಪ್ರೊ ಮಿನಿ ಆದರೆ ಆಗುವುದಿಲ್ಲ. ಎರಡೂ ನೋಡಲು ಒಂದೇ ತರಹ ಇವೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆಯಿರಿ, ಮಾಡೆಲ್ ಹೆಸರು ಅಲ್ಲಿದೆ. ನೋಡಿ ಹೇಳಿ, ಆಮೇಲೆ ಹೊರಡಿ.